"ಮಾಡಿ, ಕೊನೆಗೆ ನೋಡೋಣ" ಎನ್ನುವ ಮಾಲೀಕರಿಂದ ಎಕ್ಸ್‌ಟ್ರಾ ಕೆಲಸದ ದುಡ್ಡು ಪಡೆಯುವುದು ಹೇಗೆ? (ಪ್ರಶ್ನೋತ್ತರ)

ಪ್ರಶ್ನೆ (ತುಮಕೂರಿನ ಮನೆ ಗುತ್ತಿಗೆದಾರರು): ಸರ್, ನಾನು ಮೆಟೀರಿಯಲ್ ಸಮೇತ ಚದರದ (100 ಚದರಡಿ) ಲೆಕ್ಕದಲ್ಲಿ ಮನೆ ಕಟ್ಟಿಕೊಡುತ್ತೇನೆ. ಈಗ 30×40 ಸೈಟಿನಲ್ಲಿ ಒಂದು ಮನೆ ನಡೆಯುತ್ತಿದೆ. ಸಂಪ್ 5 ಅಡಿ ಆಳ ಅಂತ ಮಾತಾಗಿತ್ತು, ಗುಂಡಿ ತೋಡುವಾಗ 7 ಅಡಿ ಮಾಡಿಸಿದರು. ವಾಸ್ತು ನೋಡುವವರು ಬಂದು ಹೋದ ಮೇಲೆ ಅಡುಗೆಮನೆ ಗೋಡೆ ಒಡೆಸಿ ಪಕ್ಕಕ್ಕೆ ಕಟ್ಟಿಸಿದರು. ಮೊದಲ ಮಹಡಿಗೆ ಬಾಲ್ಕನಿ ಸೇರಿಸಿದರು. ಪ್ರತಿ ಸಲ ಕೇಳಿದಾಗಲೂ "ಮಾಡಿ, ಕೊನೆಗೆ ನೋಡೋಣ" ಎಂದರು. ಈಗ ಎಕ್ಸ್‌ಟ್ರಾ ಬಿಲ್ ಕೊಟ್ಟರೆ "ಚದರಕ್ಕೆ ಇಷ್ಟು ಅಂತ ಮಾತಾಗಿದೆ, ಎಲ್ಲಾ ಅದರಲ್ಲೇ ಬಂತು" ಎನ್ನುತ್ತಾರೆ. ಟೈಲ್ಸ್, ಪೇಂಟ್ ಇನ್ನೂ ಬಾಕಿ. ಕೆಲಸ ನಿಲ್ಲಿಸಿಬಿಡಲಾ?

ಉತ್ತರ (ಕಾಂಟ್ರಾಕ್ಟ್ ಮತ್ತು ಬಿಲ್ಲಿಂಗ್ ಎಂಜಿನಿಯರ್): ನಿಲ್ಲಿಸಬೇಡಿ. ಒಪ್ಪಂದದಲ್ಲಿರುವ ಕೆಲಸ ನಿಲ್ಲಿಸಿದರೆ ತಪ್ಪು ನಿಮ್ಮ ಮೇಲೆ ಬರುತ್ತದೆ, ಇದುವರೆಗೆ ನಿಮ್ಮ ಕಡೆ ಇದ್ದ ನ್ಯಾಯವೂ ಹೋಗುತ್ತದೆ. ನಿಲ್ಲಿಸಬೇಕಾದ್ದು ಹೊಸ ಬದಲಾವಣೆಗಳನ್ನು ಮಾತ್ರ. ಇವತ್ತಿನಿಂದ ಮಾಲೀಕರು ಸ್ವಿಚ್ ಬೋರ್ಡ್ ಒಂದಡಿ ಸರಿಸಿ ಎಂದರೂ, ದುಡ್ಡೆಷ್ಟು, ದಿನ ಎಷ್ಟು ಎಂದು ಒಂದು ಬದಲಾವಣೆ ಚೀಟಿ ಬರೆದು ಕಳಿಸಿ. ಅವರು ಒಪ್ಪಿಗೆ ಕೊಟ್ಟ ಮೇಲೆ ಸುತ್ತಿಗೆ ಎತ್ತಿ.

ಆಗಿ ಹೋದ ಮೂರು ಕೆಲಸಗಳಿಗೆ "ಎಕ್ಸ್‌ಟ್ರಾ ವರ್ಕ್ ಇಷ್ಟು ಲಕ್ಷ" ಎಂದು ಒಂದೇ ಸಾಲಿನ ಬಿಲ್ ಕೊಟ್ಟಿದ್ದೀರಿ ಅನಿಸುತ್ತದೆ. ಅಂಥ ಬಿಲ್ ನೋಡಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಮಾಲೀಕರಿಗೆ ಕಾಣುವುದು "ಎರಡೇ ಅಡಿ ಜಾಸ್ತಿ" ಅಷ್ಟೇ. ಆ ಎರಡು ಅಡಿಯಲ್ಲಿ ಏನೇನಿದೆ ಎಂದು ಬಿಡಿಸಿ ತೋರಿಸಬೇಕಾದವರು ನಾವು.

ನಿಮ್ಮ ಸಂಪನ್ನೇ ತೆಗೆದುಕೊಳ್ಳಿ. ಒಳಗಿನ ಅಳತೆ 8×6 ಅಡಿ ಅಂತ ಇಟ್ಟುಕೊಳ್ಳೋಣ. 5 ಅಡಿ ಆಳಕ್ಕೆ 240 ಘನ ಅಡಿ, ಅಂದರೆ ಸುಮಾರು 6,800 ಲೀಟರ್. 7 ಅಡಿಗೆ 336 ಘನ ಅಡಿ, ಸುಮಾರು 9,500 ಲೀಟರ್. ನೀರು ಹೆಚ್ಚಾಗಿದ್ದು ಶೇ. 40. ಹಾಗಂತ ಖರ್ಚೂ ಶೇ. 40 ಹೆಚ್ಚಾಯಿತು ಎಂದು ಬರೆದರೆ ಲೆಕ್ಕ ತಪ್ಪುತ್ತದೆ. ಮಣ್ಣಿನ ಒತ್ತಡ ಆಳಕ್ಕೆ ತಕ್ಕಂತೆ ಏರುತ್ತದೆ. ಗೋಡೆ ಕೆಳಗೆ ಮಾತ್ರ ಹಿಡಿದು ನಿಂತಿದೆ ಎಂದು ಲೆಕ್ಕ ಹಾಕಿದರೆ, ಅದನ್ನು ಬಾಗಿಸುವ ಬಲ 7 ಅಡಿಗೆ ಹೋದಾಗ 5 ಅಡಿಗಿದ್ದದ್ದರ ಸುಮಾರು 2.7 ಪಟ್ಟು ಆಗುತ್ತದೆ. ಹಾಗಾಗಿ ಕಂಬಿ ಬದಲಾಗುತ್ತದೆ, ಎಷ್ಟೋ ಸಲ ಗೋಡೆಯ ದಪ್ಪವೂ ಬದಲಾಗುತ್ತದೆ. 12 ಎಂಎಂ ಕಂಬಿ ಮೀಟರಿಗೆ 0.89 ಕೆಜಿ ತೂಗಿದರೆ 16 ಎಂಎಂ 1.58 ಕೆಜಿ ತೂಗುತ್ತದೆ. ಕಂಬಿಗಳ ಸಂಖ್ಯೆ ಅಷ್ಟೇ ಇದ್ದರೂ ತೂಕ ಮುಕ್ಕಾಲು ಪಾಲು ಏರಿತು ಅಲ್ವಾ? ಇನ್ನು ಅಗೆತ. ಕಟ್ಟಡ ಕೆಲಸಗಳನ್ನು ಅಳೆಯುವ ಭಾರತೀಯ ಮಾನಕ ಐಎಸ್ 1200 ಪ್ರಕಾರ ಮಣ್ಣು ಮೇಲೆತ್ತುವ ಕೆಲಸವನ್ನು 1.5 ಮೀಟರಿನ ಹಂತಗಳಲ್ಲಿ ಅಳೆಯುತ್ತಾರೆ. 5 ಅಡಿ ಅಂದರೆ ಹೆಚ್ಚು ಕಡಿಮೆ ಅಷ್ಟೇ. ಅದರ ಕೆಳಗಿನ ಎರಡು ಅಡಿ ಎರಡನೇ ಹಂತಕ್ಕೆ ಬರುತ್ತದೆ, ಆ ಹಂತದ ದರ ಜಾಸ್ತಿ. ಇದನ್ನೆಲ್ಲ ಸಾಲು ಸಾಲಾಗಿ ಬರೆದು, ಸ್ಟ್ರಕ್ಚರಲ್ ಎಂಜಿನಿಯರ್ ಕೊಟ್ಟ ಹೊಸ ಡ್ರಾಯಿಂಗ್ ಜೊತೆಗಿಟ್ಟು ಕೂತು ಮಾತಾಡಿ. ಹೀಗೆ ಬಿಡಿಸಿಟ್ಟ ಬಿಲ್ಲನ್ನು ಪೂರ್ತಿ ತಳ್ಳಿಹಾಕುವವರು ಕಡಿಮೆ. ಚೌಕಾಸಿ ಮಾಡುತ್ತಾರೆ, ಮಾಡಲಿ.

ಗೋಡೆ ವಿಷಯದಲ್ಲಿ ಒಡೆದಿದ್ದು, ಡೆಬ್ರಿಸ್ ಸಾಗಿಸಿದ್ದು, ಮತ್ತೆ ಕಟ್ಟಿದ್ದು, ಪ್ಲಾಸ್ಟರ್, ಹೊಸದಾಗಿ ಹಾಕಿದ ಕಾಂಡ್ಯೂಟ್ (ವೈರ್ ಹೋಗುವ ಪೈಪ್) ಎಲ್ಲ ಬೇರೆ ಬೇರೆ ಬರೆಯಿರಿ.

ಬಾಲ್ಕನಿಗೆ ದುಡ್ಡಿನ ಜೊತೆ ದಿನವನ್ನೂ ಕೇಳಬೇಕಿತ್ತು. ಇದನ್ನು ನಮ್ಮವರು ತುಂಬಾ ಜನ ಮರೆಯುತ್ತಾರೆ. ಕೊನೆಗೆ ಗೃಹಪ್ರವೇಶದ ಮುಹೂರ್ತ ಹತ್ತಿರ ಬಂದಾಗ "ಕಂಟ್ರಾಕ್ಟರ್ ತಡ ಮಾಡಿದ" ಎಂಬ ಮಾತು ಕೇಳಬೇಕಾಗುತ್ತದೆ. ಕಾಂಕ್ರೀಟ್ ಕೆಲಸದ ಮಾನಕ ಐಎಸ್ 456 ಪ್ರಕಾರ 6 ಮೀಟರ್ ವರೆಗಿನ ಬೀಮಿನ ಕೆಳಗಿನ ಆಧಾರವನ್ನು 14 ದಿನ ತೆಗೆಯುವಂತಿಲ್ಲ. ಅದೂ ಒಪಿಸಿ (ಸಾಮಾನ್ಯ ಪೋರ್ಟ್‌ಲ್ಯಾಂಡ್) ಸಿಮೆಂಟಿಗೆ ಹೇಳಿದ್ದು. ಪಿಪಿಸಿ (ಪೊಜೊಲಾನಾ ಬೆರೆಸಿದ ಸಿಮೆಂಟ್) ಬಳಸಿದರೆ ಇನ್ನೂ ಕಾಯಬೇಕು. ಆ ದಿನಗಳಲ್ಲಿ ಕೆಳಗೆ ಪ್ಲಾಸ್ಟರ್ ಆಗುವುದಿಲ್ಲ, ಮೇಸ್ತ್ರಿಯ ತಂಡ ಬೇರೆ ಸೈಟಿಗೆ ಹೋದರೆ ಮತ್ತೆ ಕರೆತರುವುದು ನಿಮ್ಮ ಪಾಡು. ಹಾಗಾಗಿ ಬದಲಾವಣೆ ಚೀಟಿಯಲ್ಲಿ ಎರಡು ಅಂಕಿ ಇರಲೇಬೇಕು. ಒಂದು ರೂಪಾಯಿ, ಇನ್ನೊಂದು ದಿನ. ದಿನ ಬರೆಯದ ಚೀಟಿಗೆ ನನ್ನ ಮಟ್ಟಿಗೆ ಅರ್ಧ ಬೆಲೆ.

ಅದೇ ಗುತ್ತಿಗೆದಾರರು: ಸರಿ ಸರ್. ಆದರೆ ನನ್ನ ಹತ್ತಿರ ಸಹಿ ಮಾಡಿದ ಕಾಗದ ಇಲ್ಲ. ವಾಟ್ಸಾಪ್‌ನಲ್ಲಿ ಬಾಲ್ಕನಿ ಸ್ಕೆಚ್ ಕಳಿಸಿದ್ದಾರೆ, ಸಂಪ್ ಬಗ್ಗೆ ವಾಯ್ಸ್ ಮೆಸೇಜ್ ಇದೆ. ಅಷ್ಟು ಸಾಕಾ?

ಉತ್ತರ: ಕೈಯಲ್ಲಿ ಏನೂ ಇಲ್ಲ ಅಂದುಕೊಳ್ಳಬೇಡಿ. ನಿಮ್ಮ ಹತ್ತಿರ ಇರುವುದು ಒಳ್ಳೆಯ ದಾಖಲೆಯೇ. ಆ ಮೆಸೇಜುಗಳನ್ನು ಅಳಿಸಬೇಡಿ, ಫೋನ್ ಬದಲಾಯಿಸಬೇಡಿ, ಚಾಟ್ ಬ್ಯಾಕಪ್ ಇಟ್ಟುಕೊಳ್ಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ದಾಖಲೆಯನ್ನು ಪ್ರಮಾಣಪತ್ರದ ಜೊತೆ ಕೋರ್ಟಿಗೆ ಕೊಡಬಹುದು.

1872ರ ಕರಾರು ಕಾಯ್ದೆಯ 70ನೇ ಕಲಂ ಕೂಡ ನಿಮ್ಮಂಥವರಿಗೇ ಇರುವುದು. ಪುಕ್ಕಟೆ ಮಾಡಿಕೊಡುವ ಉದ್ದೇಶವಿಲ್ಲದೆ, ಕಾನೂನುಬದ್ಧವಾಗಿ ಒಬ್ಬರಿಗೆ ಕೆಲಸ ಮಾಡಿಕೊಟ್ಟು, ಅವರು ಅದರ ಲಾಭ ಪಡೆದರೆ, ಅದಕ್ಕೆ ಪರಿಹಾರ ಕೊಡಬೇಕು ಎನ್ನುತ್ತದೆ ಅದು. ಪಶ್ಚಿಮ ಬಂಗಾಳ ಸರ್ಕಾರ ಮತ್ತು ಬಿ. ಕೆ. ಮಂಡಲ್ ಅಂಡ್ ಸನ್ಸ್ ನಡುವಿನ ಮೊಕದ್ದಮೆಯಲ್ಲಿ ಗುತ್ತಿಗೆದಾರರು ಅಧಿಕಾರಿಗಳು ಕೇಳಿದರೆಂದು ಅರಂಬಾಗ್‌ನಲ್ಲಿ ಕಚೇರಿ, ಕಾವಲು ಕೋಣೆ, ಅಡುಗೆಮನೆ ಎಲ್ಲ ಕಟ್ಟಿಕೊಟ್ಟಿದ್ದರು. ನಿಯಮದ ಪ್ರಕಾರ ಕರಾರೇ ಆಗಿರಲಿಲ್ಲ. ಆದರೂ ಸುಪ್ರೀಂ ಕೋರ್ಟ್ 70ನೇ ಕಲಂ ಆಧಾರದಲ್ಲಿ ಗುತ್ತಿಗೆದಾರರ ಪರ ನಿಂತಿತು.

ಆದರೆ ನಿಮ್ಮ ಒಪ್ಪಂದದಲ್ಲಿ "ಬರಹದ ಆದೇಶವಿಲ್ಲದ ಎಕ್ಸ್‌ಟ್ರಾಗೆ ಹಣವಿಲ್ಲ" ಎಂಬ ಷರತ್ತಿದ್ದರೆ ದಾರಿ ಕಷ್ಟ. ಮೊದಲು ಒಪ್ಪಂದ ತೆಗೆದು ಓದಿ. ಮಾಡಿದ ಕೆಲಸದ ಹಣಕ್ಕೆ ದಾವೆ ಹಾಕಲು ಸಾಮಾನ್ಯವಾಗಿ ಇರುವ ಕಾಲ ಕೆಲಸ ಮುಗಿದಾಗಿನಿಂದ 3 ವರ್ಷ. ಕೋರ್ಟು ಕೊನೆಯ ದಾರಿ. ಅದಕ್ಕೆ ಮೊದಲು ಇಂಥದ್ದೊಂದು ಮೆಸೇಜ್ ಹಾಕಿ:

"ಸರ್, ನೀವು ಹೇಳಿದಂತೆ ಸಂಪ್ ಆಳ 7 ಅಡಿ ಮಾಡಿದ್ದೇವೆ, ಅಡುಗೆಮನೆ ಗೋಡೆ ಸರಿಸಿದ್ದೇವೆ, ಬಾಲ್ಕನಿ ಸೇರಿಸಿದ್ದೇವೆ. ಅಳತೆ ಮತ್ತು ದರದ ಪಟ್ಟಿ ಜೊತೆಗಿದೆ. ಭಾನುವಾರ ಸೈಟಿಗೆ ಬಂದರೆ ಒಟ್ಟಿಗೆ ಅಳೆದು ನೋಡೋಣ. ಲೆಕ್ಕದಲ್ಲಿ ವ್ಯತ್ಯಾಸ ಕಂಡರೆ ತಿಳಿಸಿ."

ಮೂರು ಕೆಲಸಗಳನ್ನೂ ಹೆಸರಿಟ್ಟು ಬರೆದಿದ್ದೇನೆ ನೋಡಿ. "ಸಂಪ್ ಆಳ ಮಾಡಿ ಅಂತ ನಾನು ಹೇಳಲೇ ಇಲ್ಲ" ಎಂದು ಅವರು ಬರೆದು ಉತ್ತರಿಸದಿದ್ದರೆ ಅದೂ ನಿಮಗೆ ಬಲ.

ಜಿಎಸ್‌ಟಿ ಬಗ್ಗೆಯೂ ಸ್ಪಷ್ಟವಾಗಿ ಬರೆಯಿರಿ. ಮೆಟೀರಿಯಲ್ ಸಮೇತ ಕಟ್ಟುವ ಕೆಲಸಕ್ಕೆ ಶೇ. 18 ಇದೆ, ನೀವು ನೋಂದಾಯಿತರಾಗಿದ್ದರೆ ಎಕ್ಸ್‌ಟ್ರಾಗೂ ಅದು ಅನ್ವಯ. ಸೇರಿಸಿಯೋ, ಬಿಟ್ಟೋ ಎಂದು ಹೇಳದೆ ಮೊತ್ತ ಕೊಟ್ಟರೆ ಆಮೇಲೆ ಅದೇ ಇನ್ನೊಂದು ಜಗಳ.

ಪ್ರಶ್ನೆ (ಸರ್ಕಾರಿ ಕೆಲಸ ಮಾಡುವವರು): ನಮ್ಮ ರಸ್ತೆ ಕೆಲಸದಲ್ಲಿ ಡ್ರಾಯಿಂಗ್‌ನಲ್ಲಿ ಇಲ್ಲದ ಕಡೆ ಮೋರಿ ಹಾಕಿ ಎಂದು ಎಂಜಿನಿಯರ್ ಬಾಯಿಮಾತಲ್ಲಿ ಹೇಳಿದ್ದಾರೆ. ಮಳೆಗಾಲ ಹತ್ತಿರ ಇದೆ. ಮಾಡಬಹುದಾ?

ಉತ್ತರ: ಬಾಯಿಮಾತನ್ನು ಅವತ್ತೇ ಪತ್ರ ಮಾಡಿ. "ತಾವು ಇಂದು ಸ್ಥಳದಲ್ಲಿ ಸೂಚಿಸಿದಂತೆ..." ಎಂದು ಶುರು ಮಾಡಿ, ಕಚೇರಿಗೆ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಅವರು ಬರೆದುಕೊಡಲಿ ಎಂದು ಕಾಯುವುದಕ್ಕಿಂತ ನೀವೇ ಬರೆದು ತಲುಪಿಸುವುದು ಬೇಗ ಆಗುತ್ತದೆ. ಹೆಚ್ಚುವರಿ ಐಟಂಗೆ ಸಕ್ಷಮ ಅಧಿಕಾರಿಯ ಮಂಜೂರಾತಿ ಬೇಕು. ಸೈಟಿನಲ್ಲಿ ಹೇಳಿದ ಎಂಜಿನಿಯರ್‌ಗೆ ಆ ಅಧಿಕಾರ ಇದೆಯೋ ಇಲ್ಲವೋ ನೋಡಿಕೊಳ್ಳಿ. ಟೆಂಡರ್ ಪ್ರಮಾಣಕ್ಕಿಂತ ಕೆಲಸ ಜಾಸ್ತಿ ಆದರೆ ಒಂದು ಮಿತಿ ದಾಟಿದ ಮೇಲೆ ದರ ಬದಲಾಗುವ ಷರತ್ತು ಇರುತ್ತದೆ. ಶೇ. 25 ಎಂದು ಇರುವುದು ಸಾಮಾನ್ಯ, ನಿಮ್ಮ ಟೆಂಡರ್ ದಾಖಲೆಯಲ್ಲಿ ಎಷ್ಟಿದೆ ಓದಿ.

ಎಲ್ಲಕ್ಕಿಂತ ಮುಖ್ಯ, ಮುಚ್ಚಿಹೋಗುವ ಕೆಲಸ. ಪಾಯದ ಅಗೆತ, ಬಂಡೆ ಸಿಕ್ಕ ಆಳ, ಬೆಡ್ ಕಾಂಕ್ರೀಟ್, ಇವನ್ನೆಲ್ಲ ಮುಚ್ಚುವ ಮೊದಲೇ ಜಂಟಿಯಾಗಿ ಅಳೆದು ಎಂಬಿ (ಅಳತೆ) ಪುಸ್ತಕಕ್ಕೆ ಏರಿಸಬೇಕು. ಮಣ್ಣು ಮುಚ್ಚಿದ ಮೇಲೆ ಬಂಡೆ ಇತ್ತು ಎಂದರೆ ಯಾರೂ ನಂಬಬೇಕಾಗಿಲ್ಲ. ಟೇಪ್ ಹಿಡಿದ ಫೋಟೋ ತೆಗೆದಿಡಿ. ದಿನಾಂಕ, ಸ್ಥಳ ಕಾಣುವಂತಿರಲಿ.

ಪ್ರಶ್ನೆ (ಮನೆ ಕಟ್ಟಿಸುತ್ತಿರುವವರು): ನಾನು ಮಾಲೀಕಳು. ನೀವೆಲ್ಲ ಗುತ್ತಿಗೆದಾರರ ಕಡೆ ಮಾತಾಡುತ್ತಿದ್ದೀರಿ. ನಮ್ಮವರು ಎಲ್ಲದಕ್ಕೂ ಎಕ್ಸ್‌ಟ್ರಾ ಅನ್ನುತ್ತಾರೆ. ವಾರ್ಡ್‌ರೋಬ್ ಬೇಡ ಎಂದೆ, ಅದರ ದುಡ್ಡು ಕಡಿಮೆ ಮಾಡಲಿಲ್ಲ.

ಉತ್ತರ: ನಿಮ್ಮ ದೂರು ನ್ಯಾಯವಾದದ್ದು. ಕೈಬಿಟ್ಟ ಕೆಲಸವೂ ಬದಲಾವಣೆಯೇ. ಒಪ್ಪಂದದ ದರದಲ್ಲೇ ಅದನ್ನು ಕಳೆಯಬೇಕು. ಪ್ಲೈವುಡ್ ಕತ್ತರಿಸಿ ಆಗಿದ್ದರೆ ಆ ನಷ್ಟವನ್ನು ಬಿಲ್ ತೋರಿಸಿ ಹಿಡಿದುಕೊಳ್ಳಬಹುದು, ಅದಕ್ಕಿಂತ ಹೆಚ್ಚಿಗೆ ಹಿಡಿಯುವಂತಿಲ್ಲ. ಚದರದ ಒಪ್ಪಂದದಲ್ಲಿ ತೊಂದರೆ ಬರುವುದೇ ಇಲ್ಲಿ, ವಾರ್ಡ್‌ರೋಬಿಗೆ ಎಷ್ಟು ಹಿಡಿದಿದ್ದಾರೆ ಎಂದು ಎಲ್ಲೂ ಬರೆದಿರುವುದಿಲ್ಲ. ಅದಕ್ಕೇ ಗುತ್ತಿಗೆದಾರರಿಗೂ ಹೇಳುತ್ತೇನೆ: ಒಪ್ಪಂದದ ಜೊತೆಗೇ ಒಂದು ಹಾಳೆಯಲ್ಲಿ ದರಗಳನ್ನು ಲಗತ್ತಿಸಿ. ಗೋಡೆ ಚದರಡಿಗೆ, ಕಾಂಕ್ರೀಟ್ ಘನ ಮೀಟರಿಗೆ, ಕಂಬಿ ಕೆಜಿಗೆ, ಒಂದು ಲೈಟ್ ಪಾಯಿಂಟಿಗೆ ಎಷ್ಟು ಅಂತ. ಸೇರಿಸಿದರೂ ಅದೇ ದರ, ತೆಗೆದರೂ ಅದೇ ದರ.

ಪ್ರಶ್ನೆ (ಬೆಂಗಳೂರಿನ ಯುವ ಗುತ್ತಿಗೆದಾರರು): ಮಾಲೀಕರು ದುಡ್ಡು ಕೊಡಲು ರೆಡಿ, ಸಹಿಯನ್ನೂ ಹಾಕುತ್ತಾರೆ. ಸೆಟ್‌ಬ್ಯಾಕ್ ಜಾಗದಲ್ಲಿ (ನಿಯಮದಂತೆ ಮನೆ ಸುತ್ತ ಖಾಲಿ ಬಿಡಬೇಕಾದ ಜಾಗ) ಒಂದು ರೂಮ್ ಎಳೆದುಬಿಡಿ ಎನ್ನುತ್ತಿದ್ದಾರೆ. ಬದಲಾವಣೆ ಚೀಟಿ ಇದ್ದರೆ ಸಾಕಲ್ವಾ?

ಉತ್ತರ: ಸಾಲದು. ಮಂಜೂರಾದ ನಕ್ಷೆ ಮೀರಿದ ಕೆಲಸಕ್ಕೆ ನಿಮ್ಮಿಬ್ಬರ ಸಹಿ ರಕ್ಷಣೆ ಕೊಡುವುದಿಲ್ಲ. ಮೇಲೆ ಹೇಳಿದ 70ನೇ ಕಲಂ ಕೂಡ ಕಾನೂನುಬದ್ಧವಾಗಿ ಮಾಡಿದ ಕೆಲಸಕ್ಕೆ ಮಾತ್ರ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ಅಥವಾ ವಾಸಯೋಗ್ಯ ಪ್ರಮಾಣಪತ್ರ ನೋಡಿಯೇ ಕರೆಂಟು, ನೀರು, ಒಳಚರಂಡಿ ಸಂಪರ್ಕ ಕೊಡಬೇಕು ಎಂದು ನಿರ್ದೇಶನ ಕೊಟ್ಟಿತು. ಮನೆ ಮುಗಿದ ಮೇಲೆ ಮೀಟರ್ ಸಿಗದಿದ್ದರೆ ಮಾಲೀಕರು ಮೊದಲು ಹಿಡಿಯುವುದು ನಿಮ್ಮ ಕೊನೆಯ ಕಂತನ್ನು. ಆ ರೂಮ್ ಬೇಕೇ ಬೇಕು ಎಂದರೆ ಆರ್ಕಿಟೆಕ್ಟ್ ಕಡೆಯಿಂದ ತಿದ್ದಿದ ನಕ್ಷೆಗೆ ಮಂಜೂರಾತಿ ಸಿಗುತ್ತದಾ ನೋಡಲಿ. ಸಿಗದಿದ್ದರೆ ಮಾಡುವುದಿಲ್ಲ ಎಂದು ಬರೆದು ಕಳಿಸಿ, ಉಳಿದ ಕೆಲಸ ಮುಂದುವರಿಸಿ.