ಸಹಾಯ ಬೇಕು: ಸ್ನೋ ಬ್ಲೋವರ್ ಓಡಿಸಿ ಗೊತ್ತಿರುವವರು ಸ್ವಲ್ಪ ಹೇಳಿ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಬಫಲೋದಲ್ಲಿ ಇದು ನಮ್ಮ ಎರಡನೇ ಚಳಿಗಾಲ. ಏರಿ ಸರೋವರದ ಕಡೆಯಿಂದ ಗಾಳಿ ಬೀಸಿದರೆ ಬೆಳಗಾಗುವಷ್ಟರಲ್ಲಿ ಮೊಣಕಾಲುದ್ದ ಹಿಮ. ಹೋದ ವರ್ಷ ಸಲಿಕೆ ಹಿಡಿದು ಸೊಂಟ ಹಿಡಿದುಕೊಂಡಿತ್ತು. ಅದಕ್ಕೇ ಈ ಸಲ ಪೆಟ್ರೋಲ್‌ನಲ್ಲಿ ಓಡುವ ಹಳೇ ಟೂ-ಸ್ಟೇಜ್ ಸ್ನೋ ಬ್ಲೋವರ್ (ಮುಂದಿನ ಬ್ಲೇಡ್ ಹಿಮ ಒಳಗೆಳೆದು, ಹಿಂದಿನ ಫ್ಯಾನ್ ದೂರ ಎಸೆಯುವ ಮೆಷಿನ್) ತಗೊಂಡೆ. ಮ್ಯಾನ್ಯುಯಲ್ ಸಿಕ್ಕಿಲ್ಲ.

ಊರಲ್ಲಿ ತೋಟದ ಕಳೆ ಮೆಷಿನ್‌ಗೆ ಪೆಟ್ರೋಲ್‌ಗೇ ಆಯಿಲ್ ಬೆರೆಸುತ್ತಿದ್ದೆವು. ಇದು ಫೋರ್ ಸ್ಟ್ರೋಕ್, ಆಯಿಲ್ ಬೇರೆ. 5ಡಬ್ಲ್ಯೂ-30 ಗ್ರೇಡ್ ಆಯಿಲ್ ಹಾಕಿದ್ದೇನೆ, ಸರಿ ಅಲ್ವಾ? ಕಾರ್ಬನ್ ಮಾನಾಕ್ಸೈಡ್ ಭಯಕ್ಕೆ ಗ್ಯಾರೇಜ್ ಒಳಗೆ ಸ್ಟಾರ್ಟ್ ಮಾಡುವುದಿಲ್ಲ, ಬಾಗಿಲು ತೆರೆದಿದ್ದರೂ.

ನಿನ್ನೆ ಡ್ರೈವ್‌ವೇ ಬಾಯಲ್ಲಿ ರಸ್ತೆಯ ಹಿಮ ಸರಿಸುವ ಪ್ಲೋ ಗಾಡಿ ತಳ್ಳಿಹೋದ ಒದ್ದೆ ಹಿಮಕ್ಕೆ ನುಗ್ಗಿಸಿದೆ. ಹಿಮ ಉಗುಳುವ ಚ್ಯೂಟ್ ಕಟ್ಟಿಕೊಂಡಿತು. ಸುಮ್ನೆ ಕೈ ಹಾಕಲು ಹೋದೆ, ಹೆಂಡತಿ ಕಿರುಚಿದಳು. ಇಂಜಿನ್ ಆಫ್ ಮಾಡಿ, ಕೀ ತೆಗೆದು, ಒಳಗಿನದೆಲ್ಲ ನಿಂತ ಮೇಲೆ ಪೊರಕೆ ಕೋಲಿನಿಂದ ಕುತ್ತಿ ತೆಗೆದೆ. ಇಂಜಿನ್ ಆಫ್ ಆಗಿದ್ದರೂ ಕೈ ಹಾಕಬಾರದಂತೆ, ಸಿಕ್ಕಿಕೊಂಡ ಬ್ಲೇಡ್ ಬಿಡಿಸಿದ ತಕ್ಷಣ ತಿರುಗಿಬಿಡಬಹುದು. ಆಮೇಲೆ ನೋಡಿದರೆ ಬಲಗಡೆಯ ಆಗರ್ (ಹಿಮ ಒಳಗೆಳೆಯುವ ಸುರುಳಿ ಬ್ಲೇಡ್) ತಿರುಗುತ್ತಲೇ ಇಲ್ಲ. ಅದನ್ನು ಶಾಫ್ಟ್‌ಗೆ ಹಿಡಿದಿಡುವ ಶಿಯರ್ ಪಿನ್ ತುಂಡಾಗಿದೆ.

ಪಕ್ಕದ ಮನೆಯವರು ಯಾವುದಾದರೂ ಬೋಲ್ಟ್ ಹಾಕು ಅಂತಾರೆ. ಪಿನ್ ಇರುವುದೇ ಗೇರ್‌ಬಾಕ್ಸ್ ಉಳಿಸಿ ತಾನು ಮುರಿಯಲಿಕ್ಕೆ, ಗಟ್ಟಿ ಬೋಲ್ಟ್ ಹಾಕಿದರೆ ಗೇರ್‌ಬಾಕ್ಸೇ ಹೋಗಲ್ವಾ? ಸರಿಯಾದ ಅಳತೆಯ ಪಿನ್ ಗುರುತಿಸುವುದು ಹೇಗೆ?

ಇನ್ನೊಂದು, ನಮ್ಮದು ಜಲ್ಲಿ ಹಾಕಿದ ದಾರಿ. ಕಲ್ಲು ಸಿಡಿಯದ ಹಾಗೆ ಪಕ್ಕದ ಸ್ಕಿಡ್ ಶೂ (ಮೆಷಿನ್ ಮುಂಭಾಗವನ್ನು ನೆಲದಿಂದ ಎತ್ತಿ ಹಿಡಿಯುವ ಪಟ್ಟಿ) ಎಷ್ಟು ಇಳಿಸಿದ್ದೀರಿ? ಫೋಟೋ ಇದ್ದರೆ ಹಾಕಿ. ಶನಿವಾರ ಮತ್ತೆ ಹಿಮ ಅಂತಿದ್ದಾರೆ.