ಕರ್ಟಸಿ ಟೈಟಲ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. 18ನೇ ಶತಮಾನದ ಬ್ರಿಟಿಷ್ ಪ್ರಧಾನಿ ಲಾರ್ಡ್ ನಾರ್ತ್ ಬಗ್ಗೆ ಬರೆಯುತ್ತಾ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಈತ ‘ಲಾರ್ಡ್’. ಲಾರ್ಡ್‌ಗಳು ಕೂರುತ್ತಿದ್ದದ್ದು ಬ್ರಿಟಿಷ್ ಸಂಸತ್ತಿನ ಮೇಲ್ಮನೆಯಲ್ಲಿ. ಆದರೆ ಈತ 1754ರಿಂದ 1790ರವರೆಗೆ ಕೂತಿದ್ದು ಕೆಳಮನೆಯಾದ ಹೌಸ್ ಆಫ್ ಕಾಮನ್ಸ್‌ನಲ್ಲಿ. ‘ನಾರ್ತ್ ಪ್ರಭು ಸಾಮಾನ್ಯರ ಸಭೆಯ ಸದಸ್ಯ’ ಅಂತ ಬರೆದರೆ ಓದುವವರು ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ, ಅಲ್ವಾ?

ಈತನ ಹೆಸರು ಫ್ರೆಡರಿಕ್ ನಾರ್ತ್, ಹುಟ್ಟಿದ್ದು 1732ರಲ್ಲಿ. 1752ರಲ್ಲಿ ಅಪ್ಪನಿಗೆ ಗಿಲ್‌ಫರ್ಡ್‌ನ ಅರ್ಲ್ (ಲಾರ್ಡ್‌ಗಳಲ್ಲಿ ಒಂದು ದರ್ಜೆ) ಪದವಿ ಸಿಕ್ಕಿತು. ಆಗ ಹಿರಿಮಗನನ್ನು ವಾಡಿಕೆಯಂತೆ ಲಾರ್ಡ್ ನಾರ್ತ್ ಅಂತ ಕರೆದರು, ಅಷ್ಟೇ. ಇಂಥ ಹೆಸರೇ ‘ಕರ್ಟಸಿ ಟೈಟಲ್’. ಕಾನೂನಿನ ಲೆಕ್ಕದಲ್ಲಿ ಆತ ಇನ್ನೂ ಸಾಮಾನ್ಯನೇ, ಚುನಾವಣೆಗೆ ನಿಲ್ಲಬಹುದಿತ್ತು. ನಿಂತದ್ದು ಬ್ಯಾನ್‌ಬರಿಯಿಂದ. ಅಲ್ಲಿದ್ದದ್ದು ಬರೀ 18 ವೋಟು, ಅವೂ ಮನೆತನದ ಹಿಡಿತದಲ್ಲಿ! ಅಪ್ಪ ತೀರಿಕೊಂಡದ್ದು 1790ರಲ್ಲಿ. ಅಷ್ಟರಲ್ಲಿ ಮಗ 12 ವರ್ಷ ಪ್ರಧಾನಿಯಾಗಿದ್ದು, ಅಧಿಕಾರ ಬಿಟ್ಟು, ಕಣ್ಣೂ ಕಳೆದುಕೊಂಡಿದ್ದ. ನಿಜವಾದ ಲಾರ್ಡ್ ಆಗಿ ಮೇಲ್ಮನೆಯಲ್ಲಿ ಕೂತದ್ದು ಎರಡು ವರ್ಷ, 1792ರಲ್ಲಿ ತೀರಿಕೊಂಡ.

‘ಗೌರವ ಬಿರುದು’ ಅನ್ನೋಣವೆಂದರೆ ಗೌರವ ಡಾಕ್ಟರೇಟ್ ನೆನಪಾಗುತ್ತದೆ. ಇಲ್ಲಿ ಸಾಧನೆಯೂ ಇಲ್ಲ, ಕೊಟ್ಟವರೂ ಇಲ್ಲ. ‘ಔಪಚಾರಿಕ ಬಿರುದು’ ಸರ್ಕಾರಿ ಸುತ್ತೋಲೆಯ ಹಾಗೆ ಕೇಳುತ್ತದೆ. ನನಗೆ ‘ವಾಡಿಕೆಯ ಬಿರುದು’ ಒಪ್ಪಿಗೆ. ಹಳ್ಳಿಯಲ್ಲಿ ಪಟೇಲರು ಇರುವಾಗಲೇ ಮಗನನ್ನು ‘ಸಣ್ಣ ಪಟೇಲ್ರು’ ಅಂದ ಹಾಗೆ: ಅಧಿಕಾರ ಅಪ್ಪನದು, ಕರೆಯುವ ಹೆಸರು ಮಗನಿಗೂ. ಹಾಗಂತ ‘ಸಣ್ಣ ಲಾರ್ಡ್’ ಅಂತ ಬರೆದರೆ ನಗುತ್ತಾರೆ.

ಸುಮ್ನೆ ಒಬ್ಬನಿಗಾಗಿ ಇಷ್ಟು ತಲೆ ಕೆಡಿಸಿಕೊಂಡಿಲ್ಲ. ನಮಗೆ ಜಾಸ್ತಿ ಗೊತ್ತಿರುವ ಕಾರ್ನ್‌ವಾಲಿಸ್ ಕತೆಯೂ ಇದೇ. 1760ರಲ್ಲಿ ಕಾಮನ್ಸ್‌ಗೆ ಬಂದಾಗ ಆತ ವೈಕೌಂಟ್ ಬ್ರೋಮ್, ಅದೂ ವಾಡಿಕೆಗೆ. 1762ರಲ್ಲಿ ಅಪ್ಪ ಹೋದ ಮೇಲೆ ಅರ್ಲ್ ಆಗಿ ಮೇಲ್ಮನೆಗೆ ಹೋದ. 1781ರಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಯಾರ್ಕ್‌ಟೌನಿನಲ್ಲಿ ಆತ ಶರಣಾದದ್ದೇ ಮರುವರ್ಷ ನಾರ್ತ್ ಸರ್ಕಾರವನ್ನು ಉರುಳಿಸಿತು. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಪಡೆದವನೂ ಆತನೇ. ಆಗ ಆತನಿಗಿದ್ದ ಗವರ್ನರ್ ಜನರಲ್ ಹುದ್ದೆ ಹುಟ್ಟಿದ್ದು ನಾರ್ತ್ ಸರ್ಕಾರ ತಂದ 1773ರ ರೆಗ್ಯುಲೇಟಿಂಗ್ ಕಾಯ್ದೆಯಿಂದ.

ಇವರೆಲ್ಲ ನಮ್ಮ ಇತಿಹಾಸದ ಬರಹಗಳಲ್ಲಿ ಮತ್ತೆ ಮತ್ತೆ ಬರುವವರು. ಹಾಗಾಗಿ ಕೇಳುತ್ತಿದ್ದೇನೆ: ಹಳೆಯ ಪಠ್ಯಪುಸ್ತಕಗಳಲ್ಲಿ ಇದಕ್ಕೆ ಯಾವುದಾದರೂ ಪದ ಬಳಸಿದ್ದನ್ನು ನೋಡಿದ್ದೀರಾ? ‘ಲಾರ್ಡ್’ ಇದ್ದ ಹಾಗೇ ಇರಲಿ ಅನ್ನುವವರು ಕಾಮನ್ಸ್ ಸಭೆಯನ್ನೂ ಹಾಗೇ ಬಿಡುತ್ತೀರಾ?