ಮೂಡಲ್ 4.5ಕ್ಕೆ ನಮ್ಮ ಸರ್ವರ್ ತಕ್ಕುದಾಗಿದೆಯೇ? ಟರ್ಮಿನಲ್ ಒಂದು ಹೇಳುತ್ತದೆ, ತಾಣ ಇನ್ನೊಂದು

ಉಪನ್ಯಾಸಕ, ವಿಜಯಪುರ:
ನಮ್ಮ ಪದವಿ ಕಾಲೇಜಿನ ಕಲಿಕಾ ತಾಣವು ಉಬುಂಟು 20.04 ಇರುವ ಸರ್ವರಿನಲ್ಲಿ ಮೂಡಲ್ ಎಂಬ ಕಲಿಕಾ ತಂತ್ರಾಂಶದ 4.1 ಆವೃತ್ತಿಯಲ್ಲಿ ನಡೆಯುತ್ತಿದೆ. 4.5ಕ್ಕೆ ಏರಿಸಲು (ಮೂಡಲ್ ಓಡುವುದು ಪಿಎಚ್‌ಪಿ ಎಂಬ ಭಾಷೆಯಲ್ಲಿ) ಕನಿಷ್ಠ ಪಿಎಚ್‌ಪಿ 8.1 ಬೇಕೆಂದು ಓದಿ, ಅದನ್ನು ಹೊರಗಿನ ರೆಪೊಸಿಟರಿಯಿಂದ (ತಂತ್ರಾಂಶ ಭಂಡಾರದಿಂದ) ಹಾಕಿಕೊಂಡೆ. ಟರ್ಮಿನಲ್‌ನಲ್ಲಿ ಕೇಳಿದರೆ 8.1 ಎನ್ನುತ್ತದೆ, ತಾಣದೊಳಗೆ ನೋಡಿದರೆ ಈಗಲೂ 7.4 ಎಂದೇ ಇದೆ. ಯಾವುದನ್ನು ನಂಬುವುದು?

ಲ್ಯಾಬ್ ಸಹಾಯಕ, ಬಾಗಲಕೋಟೆ:
ತಾಣವನ್ನೇ ನಂಬಿರಿ ಸರ್. ಟರ್ಮಿನಲ್ ಓಡಿಸುವ ಪಿಎಚ್‌ಪಿ ಬೇರೆ, ತಾಣದ ಪುಟಗಳನ್ನು ಒದಗಿಸುವ ವೆಬ್ ಸರ್ವರ್ ಆದ ಅಪಾಚೆ ಓಡಿಸುವುದು ಬೇರೆ. ಅಪಾಚೆಯಲ್ಲಿ 7.4ರ ಮಾಡ್ಯೂಲ್ ತೆಗೆದು 8.1ರದನ್ನು ಚಾಲೂ ಮಾಡಿ, ಒಮ್ಮೆ ರೀಸ್ಟಾರ್ಟ್ ಮಾಡಿದರಾಯಿತು, 4.1 ಕೂಡ 8.1ರಲ್ಲಿ ನಡೆಯುತ್ತದೆ. ಉಳಿದದ್ದನ್ನು ಅಪ್‌ಗ್ರೇಡ್ ಹೊತ್ತಿನಲ್ಲಿ ಮೂಡಲ್ ತಾನೇ ಪರಿಶೀಲಿಸುತ್ತದೆ.

ಸರ್ವರ್ ನಿರ್ವಾಹಕ, ಬೆಳಗಾವಿ:
ಕೊನೆಯ ಮಾತನ್ನು ನಾನು ಒಪ್ಪಲಾರೆ. ಹೊಸ ಕೋಡ್ ಹಾಕಿದ ಮೇಲೆ ನಡೆಯುವ ಪರಿಶೀಲನೆಯಲ್ಲಿ ಕೊರತೆ ಕಂಡರೆ, ಅದು ನೀಗುವವರೆಗೆ ವಿದ್ಯಾರ್ಥಿಗಳಿಗೆ ತಾಣವೇ ಇರುವುದಿಲ್ಲ. ಈಗಿನ 4.1ರಲ್ಲೇ, ನಿರ್ವಹಣೆಯ ಸರ್ವರ್ ವಿಭಾಗದಲ್ಲಿ ‘ಎನ್ವಿರಾನ್‌ಮೆಂಟ್’ ಎಂಬ ಪುಟವಿದೆ. ಅಲ್ಲಿ ಮೊದಲು ಅಪ್‌ಡೇಟ್ ಒತ್ತಿ, ಬಳಿಕ 4.5ನ್ನು ಆರಿಸಿಕೊಂಡರೆ, ಒಂದು ಕಡತವನ್ನೂ ಮುಟ್ಟದೆ ಕೊರತೆಗಳೆಲ್ಲ ತಿಳಿಯುತ್ತವೆ. ಪಿಎಚ್‌ಪಿಗೆ ಸೋಡಿಯಂ ಎಂಬ ಗೂಢಲಿಪೀಕರಣದ ಎಕ್ಸ್‌ಟೆನ್ಶನ್ ಕಡ್ಡಾಯ. ‘ಮ್ಯಾಕ್ಸ್ ಇನ್‌ಪುಟ್ ವಾರ್ಸ್’ ಎಂಬ ಮಿತಿ (ಒಂದು ಪುಟದಿಂದ ಒಮ್ಮೆಗೆ ಸ್ವೀಕರಿಸುವ ಮೌಲ್ಯಗಳ ಸಂಖ್ಯೆ) ಸಾಮಾನ್ಯವಾಗಿ 1000 ಇರುತ್ತದೆ, ಅದು 5000 ಆಗಬೇಕು. ಇಲ್ಲವಾದರೆ ಉದ್ದನೆಯ ಅಂಕಪಟ್ಟಿಯನ್ನು ಉಳಿಸುವಾಗ ಮಿತಿ ಮೀರಿದ ಅಂಕಗಳು ಸದ್ದಿಲ್ಲದೆ ಬಿಟ್ಟುಹೋಗಬಹುದು. ಟರ್ಮಿನಲ್‌ಗೂ ಅಪಾಚೆಗೂ ಪ್ರತ್ಯೇಕ ಇನಿ (ಸೆಟ್ಟಿಂಗ್) ಕಡತಗಳಿರುವುದರಿಂದ ಎರಡರಲ್ಲೂ ಬದಲಿಸಿರಿ, ಏಕೆಂದರೆ ಕ್ರಾನ್ ಕೆಲಸಗಳು (ನಿಗದಿತ ಹೊತ್ತಿಗೆ ತಾವೇ ನಡೆಯುವಂಥವು) ಟರ್ಮಿನಲ್‌ನ ಪಿಎಚ್‌ಪಿಯಲ್ಲೇ ನಡೆಯುತ್ತವೆ. (ನಾನೂ ಒಮ್ಮೆ ತಪ್ಪು ಕಡತವನ್ನು ತಿದ್ದಿ ಅರ್ಧ ದಿನ ಕಳೆದವನೇ.)

ಇನ್ನೊಂದು ಮಾತು. ಉಬುಂಟು 20.04ರ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಲ್ಲೇ ಮುಗಿದಿದೆ, ಪಿಎಚ್‌ಪಿ 8.1ಕ್ಕೆ ಭದ್ರತಾ ತಿದ್ದುಪಡಿಗಳು ಇದ್ದದ್ದು ಅದೇ ವರ್ಷದ ಡಿಸೆಂಬರ್‌ವರೆಗೆ. ಕನಿಷ್ಠ ಅಗತ್ಯ ಪೂರೈಸಿದ ಮಾತ್ರಕ್ಕೆ ಸರ್ವರ್ ಯೋಗ್ಯವೆಂದು ನಾನು ಹೇಳುವುದಿಲ್ಲ.

ಲ್ಯಾಬ್ ಸಹಾಯಕ, ಬಾಗಲಕೋಟೆ:
ಎನ್ವಿರಾನ್‌ಮೆಂಟ್ ಪುಟದ ವಿಷಯ ಒಪ್ಪಿದೆ. ಆದರೆ ನಮ್ಮ ಭಾಗದ ಕಾಲೇಜುಗಳಲ್ಲಿ ಹೊಸ ಸರ್ವರ್ ಎಂದೊಡನೆ ಕಡತವು ಆಡಳಿತ ಮಂಡಳಿಯ ಮೇಜಿನಲ್ಲೇ ಕುಳಿತುಬಿಡುತ್ತದೆ ಸರ್.

ಸರ್ವರ್ ನಿರ್ವಾಹಕ, ಬೆಳಗಾವಿ:
ಹೊಸ ಯಂತ್ರವನ್ನು ಕೊಳ್ಳಬೇಕಾಗಿಲ್ಲ. ಲ್ಯಾಬಿನ ಒಂದು ಕಂಪ್ಯೂಟರಿಗೆ ಉಬುಂಟು 24.04 ಹಾಕಿದರೆ ಪಿಎಚ್‌ಪಿ 8.3 ಜೊತೆಗೇ ದೊರೆಯುತ್ತದೆ, 4.5ಕ್ಕೆ ಅದು ಹೊಂದುತ್ತದೆ. ಬ್ಯಾಕಪ್‌ನ ಪ್ರತಿಯನ್ನು ಅಲ್ಲಿ ಏರಿಸಿ ನೋಡಿರಿ. 4.1ನ್ನು ಮಾತ್ರ 8.3ರಲ್ಲಿ ಓಡಿಸಲು ಹೋಗಬೇಡಿರಿ, ಅದರ ಮಿತಿ 8.1.

ವೆಬ್ ಡೆವಲಪರ್, ಜಮಖಂಡಿ:
ಡೇಟಾಬೇಸಿನ ಅಕ್ಷರ ಸಂಕೇತವನ್ನೂ ನೋಡಿಕೊಳ್ಳಿರಿ. ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಸಾಕಾದ್ದರಿಂದ ಮೈಎಸ್‌ಕ್ಯುಎಲ್‌ನ ಹಳೆಯ ‘ಯುಟಿಎಫ್8’ನಲ್ಲಿ ದೋಷ ಕಾಣುವುದಿಲ್ಲ, ವಿದ್ಯಾರ್ಥಿಯೊಬ್ಬ 4 ಬೈಟ್‌ನ ಇಮೋಜಿ ಹಾಕಿದಾಗಲೇ ಬಯಲಾಗುತ್ತದೆ. ‘ಯುಟಿಎಫ್8ಎಂಬಿ4’ ಇರಲಿ.

ಉಪನ್ಯಾಸಕ, ವಿಜಯಪುರ:
ಅಪಾಚೆಯ ಮಾಡ್ಯೂಲ್ ಬದಲಿಸಿದೆ, ತಾಣವೂ ಈಗ 8.1 ಎನ್ನುತ್ತಿದೆ. ಎನ್ವಿರಾನ್‌ಮೆಂಟ್ ಪುಟದಲ್ಲಿ ಕೆಂಪಾಗಿ ಉಳಿದಿರುವುದು 5000ದ ಮಿತಿಯೊಂದೇ. ಅಕ್ಷರ ಸಂಕೇತ ಸರಿಯಾಗಿದೆ. ಲ್ಯಾಬಿನಲ್ಲಿ ಖಾಲಿ ಇರುವ ಒಂದು ಕಂಪ್ಯೂಟರನ್ನು ಪ್ರಾಚಾರ್ಯರಿಂದ ಕೇಳಿ ಪಡೆದಿದ್ದೇನೆ. ಭಾನುವಾರ ಅದರಲ್ಲಿ 24.04 ಹಾಕುತ್ತೇನೆ.